ಅರಸ ಬಂದು ಹೋದ ಮೇಲೆ

ಮದುವೆ ಸಾಮಾನು ಕೊಳ್ಳಲು ಪಾತ್ರೆ ಅಂಗಡಿಗೆ ಹೋದವರಿಗೆಲ್ಲ ಒಂದು ಸದ್ದಿನ ನೆನಪು ಇದ್ದೇ ಇರುತ್ತದೆ. ಅಂಗಡಿಯ ಬಾಗಿಲ ಬಳಿ ಕೂತ ಹುಡುಗನೊಬ್ಬ ಪೆನ್ನಿನಂಥ ಸಣ್ಣ ಯಂತ್ರ ಹಿಡಿದು, ಟರ್ರೆನ್ನಿಸುತ್ತ, ಸ್ಟೀಲ್ ಪಾತ್ರೆಯ ಕಂಠದ ಕೆಳಗೆ ಚುಕ್ಕಿ ಚುಕ್ಕಿಯಾಗಿ ಹೆಸರು ಕೊರೆಯುತ್ತಿದ್ದ. ಕೊಟ್ಟವರ ಹೆಸರು, ಪಡೆದವರ ಹೆಸರು, ತಾರೀಖು. ನಮ್ಮಮ್ಮನ ಮದುವೆಗೆ ಅವಳ ಸೋದರಮಾವ ಕೊಟ್ಟ ಕಾಫಿ ಲೋಟವೊಂದು ಇವತ್ತಿಗೂ ನಮ್ಮ ಮನೆಯಲ್ಲಿ ಬಳಕೆಯಲ್ಲಿದೆ. ಬೂದಿ, ತೆಂಗಿನ ನಾರು, ಸಬೀನಾ ಪುಡಿ, ಎಲ್ಲದರ ಉಜ್ಜಾಟವನ್ನೂ ತಿಂದು ಅಕ್ಷರಗಳು ಮಾಸಿವೆ. ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಆದರೆ ಹೆಬ್ಬೆರಳು ಆಡಿಸಿದರೆ ಅಮ್ಮನ ಹೆಸರಿನ ಮೊದಲ ಅಕ್ಷರ ತಟ್ಟನೆ ಸಿಗುತ್ತದೆ. ಅವಳು ಹೋಗಿ ಹನ್ನೆರಡು ವರ್ಷವಾಯಿತು. ಬೆಳಗಿನ ಕಾಫಿ ಹೀರುವಾಗ ನನ್ನ ಬೆರಳು ತಾನಾಗಿಯೇ ಆ ಜಾಗಕ್ಕೆ ಹೋಗಿ ನಿಲ್ಲುತ್ತದೆ.

ಒಂದು ದಿನವನ್ನು ಹಿಡಿದಿಡಬೇಕು ಎಂದಾಗ ಮನುಷ್ಯನಿಗೆ ಪಾತ್ರೆಯೇ ಏಕೆ ನೆನಪಾಗುತ್ತದೆ? ಗೋಡೆಯ ಮೇಲೆ ಬರೆಯಬಹುದು, ಕಲ್ಲಿನ ಮೇಲೆ ಕೆತ್ತಿಸಬಹುದು. ಆದರೂ ಲೋಟ, ಚೆಂಬು, ತಟ್ಟೆ, ಬಟ್ಟಲುಗಳನ್ನೇ ಹುಡುಕಿಕೊಂಡು ಹೋಗುತ್ತೇವೆ. ಈ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಅದಕ್ಕೆ ಕಾರಣ ನನ್ನ ಬರೆಯುವ ಮೇಜಿನ ಮೇಲಿರುವ ಇನ್ನೊಂದು ಪಾತ್ರೆ.

ಅದು ಪಿಂಗಾಣಿ ಮಗ್. ಮಗಳು ಮ್ಯಾಂಚೆಸ್ಟರಿನಲ್ಲಿದ್ದಾಳೆ. ಅವಳ ಮನೆಗೆ ಹೋಗಿದ್ದಾಗ ಒಂದು ಭಾನುವಾರ ಬೆಳಿಗ್ಗೆ ಹಳೆಯ ಸಾಮಾನಿನ ಸಂತೆಗೆ ಕರೆದುಕೊಂಡು ಹೋದಳು. ಅಲ್ಲಿಯವರು ಒಂದು ಬಯಲಿನಲ್ಲಿ ಸಾಲಾಗಿ ಕಾರು ನಿಲ್ಲಿಸಿ, ಡಿಕ್ಕಿ ತೆರೆದು, ಮನೆಯಲ್ಲಿ ಬೇಡವಾದದ್ದನ್ನೆಲ್ಲ ಹರಡಿಕೊಂಡು ಮಾರುತ್ತಾರೆ. ಒಬ್ಬ ಅಜ್ಜಿಯ ಮುಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ ಈ ಮಗ್ ಇತ್ತು. ಕಂದು ಬಣ್ಣದಲ್ಲಿ ಅಚ್ಚಾದ ಒಬ್ಬ ರಾಜ, ಒಬ್ಬ ರಾಣಿ, ಎರಡು ಬಾವುಟ, ಕೆಳಗೆ ಮೇಪಲ್ ಎಲೆಗಳು. 1939ರಲ್ಲಿ ದೊರೆ ಆರನೆಯ ಜಾರ್ಜ್ ಮತ್ತು ರಾಣಿ ಎಲಿಜಬೆತ್ ಕೆನಡಾ ದೇಶಕ್ಕೆ ಭೇಟಿ ಕೊಟ್ಟದ್ದರ ನೆನಪಿಗೆ ಎಂದು ಬರೆದಿತ್ತು. ತಿರುಗಿಸಿ ನೋಡಿದೆ. ಹಿಂಭಾಗದಲ್ಲಿ ಬಾಯಿಯಿಂದ ಬುಡದವರೆಗೆ ಉದ್ದನೆಯ ಬಿರುಕು. ಆ ಬಿರುಕಿಗೆ ಅಡ್ಡಲಾಗಿ ಮೂರು ತಂತಿಯ ಹೊಲಿಗೆ.

"ಅಪ್ಪಾ, ಒಡೆದಿರೋದು ಯಾಕೆ? ಅದೇ ಥರದ್ದು ಚೆನ್ನಾಗಿರೋದು ಸಿಗತ್ತೆ," ಅಂದಳು ಮಗಳು. ನನಗೆ ಆ ಹೊಲಿಗೆಯೇ ಬೇಕಾಗಿತ್ತು. ಈ ಹರಟೆಯೆಲ್ಲ ಆ ಮೂರು ಹೊಲಿಗೆಯ ಸುತ್ತಲೇ ಸುತ್ತುವುದು. ಆದರೆ ಅಲ್ಲಿಗೆ ಹೋಗುವ ಮೊದಲು ಈ ಮಗ್ಗಿನ ಮೈಮೇಲೆ ರಾಜರಾಣಿಯರು ಹೇಗೆ ಬಂದು ಕೂತರು ಎಂಬುದನ್ನು ಹೇಳಬೇಕು.

ಇಂಗ್ಲೆಂಡಿನ ಕುಂಬಾರರು ಅರಸರನ್ನು ಮಣ್ಣಿಗೆ ಇಳಿಸಲು ಆರಂಭಿಸಿ ಮುನ್ನೂರೈವತ್ತು ವರ್ಷ ದಾಟಿತು. 1660ರಲ್ಲಿ ಎರಡನೆಯ ಚಾರ್ಲ್ಸ್ ದೇಶಭ್ರಷ್ಟತೆಯಿಂದ ಹಿಂದಿರುಗಿ ಸಿಂಹಾಸನ ಏರಿದ ಮೇಲೆ ಬಿಳಿ ಮೆರುಗಿನ ದೊಡ್ಡ ದೊಡ್ಡ ತಟ್ಟೆಗಳ ಮೇಲೆ ಅವನ ಚಿತ್ರ ಬರೆದರು. ಎಲ್ಲ ಕೈಬರಹ. ಬರೆಯುವವನು ದೊರೆಯನ್ನು ಕಂಡವನಲ್ಲ. ಒಂದು ಕಿರೀಟ, ಒಂದು ನಿಲುವಂಗಿ, ಎರಡು ಕಣ್ಣು, ಇಷ್ಟಾದರೆ ಅರಸ. ಮುಂದೆ ವಿಲಿಯಂ ಬಂದ, ಆ್ಯನ್ ಬಂದಳು, ಜಾರ್ಜ್ ಬಂದ. ತಟ್ಟೆಯ ಮೇಲಿನ ಮುಖ ಮಾತ್ರ ಹೆಚ್ಚು ಕಡಿಮೆ ಅದೇ. ಪಕ್ಕದಲ್ಲಿ ಬರೆದ ಎರಡು ಅಕ್ಷರ ಓದಿದರೆ ಮಾತ್ರ ಯಾರೆಂದು ತಿಳಿಯುವುದು. ನಮ್ಮ ಹಳ್ಳಿಗಳ ವೀರಗಲ್ಲುಗಳನ್ನು ನೆನೆದುಕೊಳ್ಳಿ. ಅಲ್ಲಿಯೂ ಹಾಗೆಯೇ. ಕೆತ್ತಿದವನಿಗೆ ವೀರನ ಮೂಗು ಹೇಗಿತ್ತೆಂಬುದು ಮುಖ್ಯವಾಗಿರಲಿಲ್ಲ. ಅವನು ಯಾವ ಊರಿನ ದನಗಳನ್ನು ಬಿಡಿಸಿಕೊಂಡು ಬಂದು ಸತ್ತ ಎಂಬುದು ಮುಖ್ಯವಾಗಿತ್ತು.

ಕೈಯಿಂದ ಬರೆದ ತಟ್ಟೆ ಬಡವರ ಮನೆಗೆ ಬರುವುದಿಲ್ಲ. ಅದು ಬರುವಂತಾದದ್ದು ಅಚ್ಚು ಹಾಕುವ ಕಲೆ ಬಂದ ಮೇಲೆ. ಲಿವರ್‌ಪೂಲಿನ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಎಂಬಿಬ್ಬರು 1756ರ ಜುಲೈ 27ರಂದು ಆರು ಗಂಟೆಯೊಳಗೆ 1,200ಕ್ಕೂ ಹೆಚ್ಚು ಬಿಲ್ಲೆಗಳಿಗೆ ಚಿತ್ರ ಅಚ್ಚು ಹಾಕಿದೆವೆಂದು ಪ್ರಮಾಣಪತ್ರ ಬರೆದುಕೊಟ್ಟರು. ನೂರು ಮಂದಿ ನುರಿತ ಚಿತ್ರಗಾರರು ಸೇರಿದರೂ ಅಷ್ಟು ಹೊತ್ತಿನಲ್ಲಿ ಅಷ್ಟನ್ನು ಬರೆಯಲಾರರು ಎಂಬುದು ಅವರ ಮಾತು. ಬರ್ಸ್‌ಲೆಮ್ ಊರಿನ ಜೊಸಾಯ ವೆಜ್‌ವುಡ್ ಎಂಬ ಮಹಾ ಕುಂಬಾರ ತನ್ನ ಕೆನೆಬಣ್ಣದ ಪಾತ್ರೆಗಳನ್ನು ಅಲ್ಲಿಗೇ ಕಳಿಸಿ ಚಿತ್ರ ಒತ್ತಿಸಿಕೊಂಡು ತರಿಸುತ್ತಿದ್ದ.

ಆ ಕೆಲಸವನ್ನು ಮಾಡುವ ರೀತಿ ಕೇಳಿದರೆ ಆ ಕೈಗಳಿಗೆ ಕೈ ಮುಗಿಯಬೇಕೆನಿಸುತ್ತದೆ. ಮೊದಲು ಒಬ್ಬ ತಾಮ್ರದ ತಗಡಿನ ಮೇಲೆ ಚಿತ್ರ ಕೊರೆಯುತ್ತಾನೆ. ಇನ್ನೊಬ್ಬ ತಗಡನ್ನು ಬಿಸಿ ಮಾಡಿ, ಎಣ್ಣೆಯಲ್ಲಿ ಕಲಸಿದ ಬಣ್ಣವನ್ನು ಗೀರುಗಳಿಗೆ ತುಂಬಿ, ಸಾಬೂನು ನೀರು ಸವರಿದ ತೆಳು ಕಾಗದವನ್ನು ಮೇಲಿಟ್ಟು ಉರುಳೆಗಳ ನಡುವೆ ಹಾಯಿಸುತ್ತಾನೆ. ಚಿತ್ರ ಕಾಗದಕ್ಕೆ ಬರುತ್ತದೆ. ಒಬ್ಬ ಹುಡುಗಿ ಕತ್ತರಿ ಹಿಡಿದು ಅದನ್ನು ಅಂಚಿಗೆ ಸರಿಯಾಗಿ ಕತ್ತರಿಸುತ್ತಾಳೆ. ಅನುಭವಸ್ಥ ಹೆಂಗಸೊಬ್ಬಳು ಅದನ್ನು ಒಮ್ಮೆ ಸುಟ್ಟ, ಇನ್ನೂ ಮೆರುಗು ಕಾಣದ ಪಾತ್ರೆಯ ಮೈಗೆ ಅಂಟಿಸಿ, ಗಡಸು ಕುಂಚದಿಂದ ಉಜ್ಜುತ್ತಾಳೆ. ಉಬ್ಬಿದ ಹೊಟ್ಟೆಯ ಮಗ್ಗಿಗೆ ಚಪ್ಪಟೆ ಕಾಗದ ಕೂರಿಸುವುದೆಂದರೆ ಸುಲಭವಲ್ಲ. ಒಂದು ಸುಕ್ಕು ಬಿದ್ದರೆ ರಾಣಿಯ ಕೆನ್ನೆ ಸೀಳುತ್ತದೆ. ಆಮೇಲೆ ನೀರಿನಲ್ಲಿ ಅದ್ದಿದರೆ ಕಾಗದ ತೇಲಿ ಹೋಗುತ್ತದೆ, ಚಿತ್ರ ಮಣ್ಣಿನಲ್ಲಿ ಉಳಿಯುತ್ತದೆ. ಎಣ್ಣೆ ಉರಿದು ಹೋಗಲು ಒಮ್ಮೆ ಬೆಂಕಿ, ಮೆರುಗು ಹಚ್ಚಿದ ಮೇಲೆ ಇನ್ನೊಮ್ಮೆ ಬೆಂಕಿ. ಅರಸನ ಒಂದು ಮುಖದ ಹಿಂದೆ ಇಷ್ಟು ಜನ, ಇಷ್ಟು ಉರಿ.

ಈ ಕೆಲಸದ ತವರು ಸ್ಟಾಫರ್ಡ್‌ಶೈರ್ ಸೀಮೆಯ ಆರು ಪಟ್ಟಣಗಳು: ಟನ್‌ಸ್ಟಾಲ್, ಬರ್ಸ್‌ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್‌ಟನ್. 1910ರಲ್ಲಿ ಆರೂ ಸೇರಿ ಸ್ಟೋಕ್-ಆನ್-ಟ್ರೆಂಟ್ ಆದವು. ಆ ಸೀಮೆಗೆ ಜನ ಇಟ್ಟ ಹೆಸರೇ ಕುಂಬಾರಿಕೆಯ ನಾಡು ಎಂಬರ್ಥದ 'ಪಾಟರೀಸ್'. ಅಲ್ಲಿನ ನೆಲದಲ್ಲಿ ಕಲ್ಲಿದ್ದಲು ಸಿಗುತ್ತಿತ್ತು, ಕೆಂಪು ಜೇಡಿ ಸಿಗುತ್ತಿತ್ತು. ಬಿಳಿ ಮಣ್ಣು ಮಾತ್ರ ದೂರದ ಕಾರ್ನ್‌ವಾಲ್ ಕಡೆಯಿಂದ ಬರಬೇಕು. ಹಳ್ಳ ದಿಣ್ಣೆಯ ದಾರಿಯಲ್ಲಿ ಹೇರುಕುದುರೆಯ ಬೆನ್ನ ಮೇಲೆ ಪಾತ್ರೆ ಸಾಗಿಸಿದರೆ ಅರ್ಧ ಒಡೆದೇ ಹೋಗುತ್ತಿತ್ತು. ಅದಕ್ಕೇ ವೆಜ್‌ವುಡ್ ಮುಂದೆ ನಿಂತು ಕಾಲುವೆ ತೋಡಿಸಿದ. 1766ರಲ್ಲಿ ಮೊದಲ ಹಿಡಿ ಮಣ್ಣು ಅಗೆದವನೂ ಅವನೇ. 1777ರಲ್ಲಿ ಟ್ರೆಂಟ್ ಮತ್ತು ಮರ್ಸಿ ಕಾಲುವೆ ಮುಗಿದಾಗ ಪಿಂಗಾಣಿ ನೀರಿನ ಮೇಲೆ ಅಲುಗಾಡದೆ ತೇಲಿ ಹೋಯಿತು. ಒಡೆಯುವ ವಸ್ತುವಿಗೋಸ್ಕರ ಮನುಷ್ಯ ನದಿಯಂಥ ದಾರಿಯನ್ನೇ ಕಟ್ಟಿದ ಎಂಬುದು ನನಗೆ ಬಹಳ ಪ್ರೀತಿಯ ಸಂಗತಿ.

ಅಲ್ಲಿನ ಆವಿಗೆಗಳು ಸೀಸೆಯ ಆಕಾರದವು. ಹೊಟ್ಟೆ ಉಬ್ಬಿ, ಕುತ್ತಿಗೆ ಸಣ್ಣಗಾಗಿ ಆಕಾಶಕ್ಕೆ ಎದ್ದು ನಿಂತ ಇಟ್ಟಿಗೆಯ ಗೋಪುರಗಳು. ಒಂದು ಕಾಲಕ್ಕೆ ಸುಮಾರು 2,000 ಇದ್ದವಂತೆ. ಇಂದು ಉಳಿದಿರುವುದು 50ಕ್ಕಿಂತ ಕಡಿಮೆ. ಆ ಹೊಗೆಯಲ್ಲಿ ಮಧ್ಯಾಹ್ನವೂ ಮುಸ್ಸಂಜೆಯಂತಿರುತ್ತಿತ್ತು. ಮೆರುಗಿನಲ್ಲಿದ್ದ ಸೀಸದ ವಿಷ ಹೆಂಗಸರ ಮೈಗೆ ಇಳಿಯಿತು. ಪುಡಿ ಮಾಡಿದ ಚಕಮಕಿ ಕಲ್ಲಿನ ದೂಳು ಗಂಡಸರ ಎದೆಗೂಡಿನಲ್ಲಿ ಕೂತಿತು. ಕುಂಬಾರರ ರೋಗ ಎಂದೇ ಅದಕ್ಕೆ ಹೆಸರು ಬಂತು. ಬಟ್ಟಲಿನ ಮೇಲೆ ನಗುವ ರಾಜನನ್ನು ಕಂಡಾಗ ಅವನನ್ನು ಅಂಟಿಸಿದವಳ ಕೆಮ್ಮನ್ನೂ ನಾವು ಕೇಳಿಸಿಕೊಳ್ಳಬೇಕು.

ಇಷ್ಟೆಲ್ಲ ಅರಸರನ್ನು ಮಾಡಿ ದೇಶಕ್ಕೆ ಹಂಚಿದ ಈ ಊರಿಗೆ ಅರಸ ತಾನೇ ಬಂದ ದಿನಗಳೂ ಇವೆ. 1913ರ ಏಪ್ರಿಲಿನಲ್ಲಿ ಐದನೆಯ ಜಾರ್ಜ್ ಮತ್ತು ರಾಣಿ ಮೇರಿ ಪಾಟರೀಸ್ ನೋಡಲು ಬಂದರು. 1925ರ ಜೂನಿನಲ್ಲಿ ದೊರೆ ಮತ್ತೆ ಬಂದು ಸ್ಟೋಕ್-ಆನ್-ಟ್ರೆಂಟ್ ಇನ್ನು ನಗರ ಎಂದು ಸಾರಿದ. ಕುಂಬಾರನ ಬಾಗಿಲಿಗೆ ದೊಡ್ಡವರು ಬಂದ ಕಥೆ ಎಂದರೆ ನಮಗೆ ಹರಿಹರನ ರಗಳೆಯ ಕುಂಬಾರ ಗುಂಡಯ್ಯ ನೆನಪಾಗುತ್ತಾನೆ. ಅವನು ಮಡಕೆ ಬಾರಿಸುತ್ತ ಕುಣಿದರೆ ಆ ಸದ್ದಿಗೆ ಕೈಲಾಸದಲ್ಲಿ ಶಿವ ಕುಣಿದ. ಕುಣಿಯುತ್ತ ಭೂಮಿಗಿಳಿದು ಕುಂಬಾರನ ಮುಂದೆಯೇ ಬಂದು ನಿಂತ. ಆ ಭೇಟಿಯ ನೆನಪಿಗೆ ಯಾರೂ ಮಡಕೆಯ ಮೇಲೆ ತಾರೀಖು ಬರೆಯಲಿಲ್ಲ. ಕೇಳಿದವರು ಎದೆಯಲ್ಲಿ ಬರೆದುಕೊಂಡರು, ಕವಿ ಓಲೆಗರಿಯಲ್ಲಿ ಬರೆದ. ನನಗೆ ಆ ಕಥೆಯಲ್ಲಿ ಹಿಡಿಸುವುದು ಇದು: ಮಡಕೆಯನ್ನು ಬೆರಳಿನಿಂದ ತಟ್ಟಿದಾಗ ಏಳುವ ನಾದದಲ್ಲಿ ಅದರ ಮೈಯ ಗುಟ್ಟೆಲ್ಲ ಇರುತ್ತದೆ. ಬಿರುಕಿಲ್ಲದ್ದು ಠಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ದಡ್ ಎನ್ನುತ್ತದೆ. ಸಂತೆಯಲ್ಲಿ ಮಡಕೆ ಕೊಳ್ಳುವ ನಮ್ಮ ಅಜ್ಜಿಯರು ಅದನ್ನು ಕಿವಿಯಿಂದಲೇ ಆರಿಸುತ್ತಿದ್ದರು.

ಜನ ತಮ್ಮ ಮನಸ್ಸನ್ನೂ ಹೀಗೆಯೇ ಪಾತ್ರೆ ತಟ್ಟಿ ಕೇಳಿಸಿದ್ದಾರೆ. ನಾಲ್ಕನೆಯ ಜಾರ್ಜ್ 1820ರಲ್ಲಿ ದೊರೆಯಾದಾಗ ಹೆಂಡತಿ ಕ್ಯಾರೊಲಿನ್‌ಳನ್ನು ದೂರ ಮಾಡಲು ಪಾರ್ಲಿಮೆಂಟಿನ ಮೊರೆ ಹೋದ. ಪಟ್ಟಾಭಿಷೇಕದ ದಿನ, 1821ರ ಜುಲೈ 19ರಂದು, ಆಕೆ ವೆಸ್ಟ್‌ಮಿನ್‌ಸ್ಟರ್ ಅಬೆಯ ಬಾಗಿಲಿಗೆ ಬಂದರೆ ಒಳಗೆ ಬಿಡಲಿಲ್ಲ. ಮೂರು ವಾರದೊಳಗೆ ಆಕೆ ತೀರಿಕೊಂಡಳು. ಆ ದಿನಗಳಲ್ಲಿ ಕುಂಬಾರರು ರಾಣಿಯ ಪಕ್ಷದ ಹೂಜಿ, ತಟ್ಟೆ, ಮಗ್ಗುಗಳನ್ನು ರಾಶಿ ರಾಶಿ ಮಾಡಿದರು. ಜನ ಕೊಂಡು ಒಲೆಯ ಮೇಲಿನ ಹಲಗೆಯಲ್ಲಿ ಸಾಲಾಗಿ ಇಟ್ಟರು. ಮತ ಹಾಕುವ ಹಕ್ಕಿಲ್ಲದ ಹೆಂಗಸರು ತಮ್ಮ ಮನೆಯಲ್ಲಿ ಯಾವ ಹೂಜಿ ಇರಬೇಕೆಂದು ಆರಿಸಬಹುದಿತ್ತು, ಆರಿಸಿದರು. 1819ರಲ್ಲಿ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಬಯಲಿನಲ್ಲಿ ಸವಾರರು ಜನರ ಮೇಲೆ ಕತ್ತಿ ಬೀಸಿದ ದಿನವನ್ನೂ ಹೂಜಿಗಳ ಮೇಲೆ ಅಚ್ಚು ಹಾಕಿ ಕಾಪಾಡಿದ್ದಾರೆ.

ಅದೇ ನಾಲ್ಕನೆಯ ಜಾರ್ಜ್ 1822ರ ಆಗಸ್ಟಿನಲ್ಲಿ ಎಡಿನ್‌ಬರೋ ನಗರಕ್ಕೆ ಹೋದ. ಆಳುವ ಅರಸನೊಬ್ಬ ಸ್ಕಾಟ್‌ಲೆಂಡಿಗೆ ಕಾಲಿಟ್ಟು ಎರಡು ಶತಮಾನ ಆಗುತ್ತ ಬಂದಿತ್ತು. ಸಂಭ್ರಮದ ಹೊಣೆ ಹೊತ್ತವನು ಕಾದಂಬರಿಕಾರ ವಾಲ್ಟರ್ ಸ್ಕಾಟ್. ಮಲೆನಾಡಿನ ಕುಲಗಳವರೆಲ್ಲ ಚೌಕಳಿ ಬಟ್ಟೆಯುಟ್ಟು ಬರಲಿ ಎಂದು ಕರೆ ಕಳಿಸಿದ. ಒಂದು ಕಾಲಕ್ಕೆ ಕಾನೂನೇ ನಿಷೇಧಿಸಿದ್ದ ಉಡುಪನ್ನು ದೊರೆಯೂ ಉಟ್ಟು ನಿಂತ. ಕುಂಬಾರರು ಆ ಭೇಟಿಗೂ ತಟ್ಟೆ, ಹೂಜಿ ಮಾಡಿದರು. ಅವುಗಳ ಮೇಲೆ ಕಿರೀಟವಿದೆ, ಸ್ಕಾಟ್‌ಲೆಂಡಿನ ಗುರುತಾದ ಥಿಸಲ್ ಎಂಬ ಮುಳ್ಳುಹೂವಿದೆ.

ಆದರೆ ಆ ಭೇಟಿಯ ಪಾತ್ರೆಗಳಲ್ಲಿ ನನಗೆ ಹೆಚ್ಚು ಪ್ರಿಯವಾದದ್ದು ಉಳಿಯದೇ ಹೋದ ಒಂದು ಗಾಜಿನ ಲೋಟ. ಆಗಸ್ಟ್ 14ರಂದು ಲೀತ್ ಬಂದರಿನ ಎದುರು ದೊರೆಯ ಹಡಗು ನಿಂತಿತು. ಜೋರು ಮಳೆ. ಆ ಮಳೆಯಲ್ಲೇ ಸ್ಕಾಟ್ ದೋಣಿಯಲ್ಲಿ ಹೋಗಿ ಹಡಗು ಹತ್ತಿದ. ದೊರೆ ಸಂತೋಷಪಟ್ಟು, ಸ್ಕಾಟ್‌ಲೆಂಡಿನ ವಿಸ್ಕಿ ತರಿಸಿ, ಸ್ಕಾಟನ ಆರೋಗ್ಯಕ್ಕೆಂದು ಕುಡಿದ. ತಾವು ತುಟಿಯಿಟ್ಟ ಲೋಟವನ್ನು ನನಗೆ ದಯಪಾಲಿಸಬೇಕು, ಅದು ನಮ್ಮ ವಂಶದಲ್ಲಿ ತಲೆಮಾರುಗಳವರೆಗೆ ಉಳಿಯಲಿ ಎಂದು ಸ್ಕಾಟ್ ಬೇಡಿಕೊಂಡ. ದೊರೆ ಕೊಟ್ಟ. ಲೋಟವನ್ನು ಬಟ್ಟೆಯಲ್ಲಿ ಜೋಪಾನವಾಗಿ ಸುತ್ತಿ ಕೋಟಿನ ಹಿಂಜೇಬಿಗೆ ಸೇರಿಸಿಕೊಂಡು ಸ್ಕಾಟ್ ಮನೆಗೆ ಬಂದರೆ, ಅಲ್ಲಿ ಕವಿ ಜಾರ್ಜ್ ಕ್ರ್ಯಾಬ್ ಬಂದು ಕಾಯುತ್ತಿದ್ದ. ಪ್ರೀತಿಯ ಅತಿಥಿ, ಬಹುಕಾಲದಿಂದ ನಿರೀಕ್ಷಿಸಿದವನು. ಸ್ಕಾಟ್ ಎಲ್ಲ ಮರೆತು ಓಡಿ ಹೋಗಿ ತಬ್ಬಿಕೊಂಡು ಪಕ್ಕದಲ್ಲಿ ಕೂತ. ಲೋಟ ಚೂರಾಯಿತು. ಸ್ಕಾಟನ ಅಳಿಯ ಲಾಕ್‌ಹಾರ್ಟ್ ಬರೆದ ಜೀವನಚರಿತ್ರೆಯಲ್ಲಿ ಈ ಪ್ರಸಂಗ ಇದೆ.

ಇದನ್ನು ಓದಿದಾಗಲೆಲ್ಲ ನನ್ನ ಎದೆ ತುಂಬಿ ಬರುತ್ತದೆ. ಅರಸನ ಲೋಟವನ್ನು ಮರೆಸಿದ್ದು ಗೆಳೆಯನ ಬರವು. ಒಂದು ಭೇಟಿಯ ನೆನಪನ್ನು ಇನ್ನೊಂದು ಭೇಟಿ ಒಡೆಯಿತು. ಎರಡರಲ್ಲಿ ಯಾವುದು ದೊಡ್ಡದೆಂದು ಸ್ಕಾಟನ ಮನಸ್ಸಿಗೆ ಗೊತ್ತಿತ್ತು, ಅದಕ್ಕೇ ಕಾಲು ಓಡಿತು. ಮನೆಗೆ ಬಂದ ನೆಂಟರ ಕೈಹಿಡಿದುಕೊಂಡು ಮಾತಾಡುವ ಭರದಲ್ಲಿ ಒಲೆಯ ಮೇಲಿನ ಹಾಲು ಉಕ್ಕಿಸಿಕೊಂಡ ಎಲ್ಲ ತಾಯಂದಿರಿಗೂ ಇದು ಅರ್ಥವಾಗುತ್ತದೆ.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನಮ್ಮಲ್ಲಿದೆ. ಈ ನೆನಪಿನ ಪಾತ್ರೆ ಮಾಡುವವರ ಬದುಕಿಗೆ ಅದು ಎರಡು ರೀತಿಯಲ್ಲಿ ಹೊಂದುತ್ತದೆ. ದೊರೆಯ ಮೆರವಣಿಗೆ ಹೋಗಿಬಿಡುವುದು ನಿಮಿಷದಲ್ಲಿ. ಅದಕ್ಕೆ ಬೇಕಾದ ಮಗ್ಗುಗಳನ್ನು ತಿಂಗಳುಗಟ್ಟಲೆ ಮೊದಲೇ ಸುಟ್ಟಿಡಬೇಕು. ಮಣ್ಣು ಸುಟ್ಟ ಮೇಲೆ ತಿದ್ದುಪಡಿ ಇಲ್ಲ. ಏಳನೆಯ ಎಡ್ವರ್ಡನ ಪಟ್ಟಾಭಿಷೇಕ 1902ರ ಜೂನ್ 26ಕ್ಕೆ ಎಂದು ನಿಶ್ಚಯವಾಗಿ, ಆ ತಾರೀಖಿನ ಮಗ್ಗುಗಳು ದೇಶವೆಲ್ಲ ತುಂಬಿದ್ದವು. ಎರಡು ದಿನ ಮೊದಲು ದೊರೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಪಟ್ಟ ಆಗಸ್ಟ್ 9ಕ್ಕೆ ಹೋಯಿತು. ಆದರೆ ಲಂಡನ್ನಿನ ಸುಮಾರು 5 ಲಕ್ಷ ಬಡವರಿಗೆ ಹಾಕಿಸಬೇಕಾಗಿದ್ದ ಊಟವನ್ನು ದೊರೆ ಮುಂದೂಡಲು ಬಿಡಲಿಲ್ಲ. ಜುಲೈ 5ರಂದು ಊಟ ನಡೆಯಿತು. ಬಂದವರಿಗೆ ಡೌಲ್ಟನ್ ಕಾರ್ಖಾನೆಯ ಮಗ್ಗನ್ನು ಉಡುಗೊರೆ ಕೊಟ್ಟರು. ದೊರೆ ಹಾಸಿಗೆಯಲ್ಲಿ, ಬಡವರ ಕೈಯಲ್ಲಿ ದೊರೆಯ ಮಗ್.

ಎಂಟನೆಯ ಎಡ್ವರ್ಡನಿಗೆ 1937ರ ಮೇ 12ರಂದು ಪಟ್ಟ ಎಂದು ಗೊತ್ತಾಗಿತ್ತು. ಚಿತ್ರಗಾರ ಎರಿಕ್ ರವಿಲಿಯಸ್ ವೆಜ್‌ವುಡ್ ಕಾರ್ಖಾನೆಗಾಗಿ ಬಾಣಬಿರುಸು ಸಿಡಿಯುವ ರಾತ್ರಿಯ ಚೆಲುವಾದ ಮಗ್ ಮಾಡಿಕೊಟ್ಟ. 1936ರ ಡಿಸೆಂಬರಿನಲ್ಲಿ ಎಡ್ವರ್ಡ್ ತಾನು ಮೆಚ್ಚಿದ ಹೆಣ್ಣಿಗಾಗಿ ಸಿಂಹಾಸನ ಬಿಟ್ಟು ಹೋದ. ಅದೇ ತಾರೀಖಿಗೆ ತಮ್ಮ ಆರನೆಯ ಜಾರ್ಜನಿಗೆ ಪಟ್ಟವಾಯಿತು. ರವಿಲಿಯಸ್ ತನ್ನ ಬಾಣಬಿರುಸನ್ನು ಉಳಿಸಿಕೊಂಡು ಹೆಸರು, ಬಣ್ಣ ಬದಲಿಸಿದ. ಯುದ್ಧದ ಚಿತ್ರಗಾರನಾಗಿ ಹೋದ ಅವನು 1942ರಲ್ಲಿ ಐಸ್‌ಲ್ಯಾಂಡ್ ಬಳಿ ವಿಮಾನದೊಡನೆ ಕಣ್ಮರೆಯಾದ. 1953ರಲ್ಲಿ ಎರಡನೆಯ ಎಲಿಜಬೆತ್‌ಗೆ ಪಟ್ಟವಾದಾಗ ಅದೇ ಬಾಣಬಿರುಸು ಮೂರನೆಯ ಸಲ ಮಗ್ಗಿನ ಮೇಲೆ ಹೊತ್ತಿತು. ದೊರೆಗಳು ಮೂವರು ಬದಲಾದರು. ಆ ಚಿತ್ರಗಾರನ ಕೈಯ ಬೆಳಕು ಹಾಗೇ ಇತ್ತು.

ಇಲ್ಲಿ ಒಂದು ದುಃಖದ ಬಟ್ಟಲಿನ ಮಾತೂ ಹೇಳಬೇಕು, ಹೇಳದಿದ್ದರೆ ಈ ಹರಟೆ ಸುಳ್ಳಾಗುತ್ತದೆ. 1896ರ ಮೇ 30ರಂದು ಮಾಸ್ಕೋ ಹೊರವಲಯದ ಖೊಡಿಂಕಾ ಬಯಲಿನಲ್ಲಿ ತ್ಸಾರ್ ಎರಡನೆಯ ನಿಕೊಲಾಸನ ಪಟ್ಟಾಭಿಷೇಕದ ಸಲುವಾಗಿ ಜನರಿಗೆ ಉಡುಗೊರೆ ಹಂಚುವ ಏರ್ಪಾಟಾಗಿತ್ತು. ಒಂದು ಬ್ರೆಡ್ಡು, ತಿಂಡಿ, ಮತ್ತು ದೊರೆಯ ಹೆಸರಿನ ಗುರುತಿದ್ದ ಒಂದು ಎನಾಮಲ್ ಬಟ್ಟಲು. ತಗಡಿನ ಮೇಲೆ ಪಿಂಗಾಣಿಯಂಥ ಮೆರುಗು. ಹಿಂದಿನ ರಾತ್ರಿಯೇ ಲಕ್ಷಗಟ್ಟಲೆ ಜನ ಬಂದು ನೆರೆದರು. ಬಟ್ಟಲುಗಳು ಎಲ್ಲರಿಗೂ ಸಾಲುವುದಿಲ್ಲವಂತೆ ಎಂಬ ಸುದ್ದಿ ಬೆಳಗಿನ ಜಾವದಲ್ಲಿ ಹಬ್ಬಿತು. ಆ ಬಯಲಿನ ತುಂಬ ಹಳ್ಳಗಳು, ಕಂದಕಗಳು. ಜನ ನುಗ್ಗಿದರು, ಬಿದ್ದರು, ಬಿದ್ದವರ ಮೇಲೆ ಬಿದ್ದರು. ಸರ್ಕಾರ ಒಪ್ಪಿಕೊಂಡ ಲೆಕ್ಕದಲ್ಲೇ ಸತ್ತವರು 1,389. ಅದೇ ರಾತ್ರಿ ತ್ಸಾರ್ ಫ್ರೆಂಚ್ ರಾಯಭಾರಿಯ ನೃತ್ಯಕೂಟಕ್ಕೆ ಹೋದ. ಆ ಬಟ್ಟಲುಗಳಿಗೆ ಜನ ದುಃಖದ ಬಟ್ಟಲು ಎಂದು ಹೆಸರಿಟ್ಟರು. ಬಡತನದ ಮನೆಯಲ್ಲಿ ಒಂದು ಚೆಂದದ ಬಟ್ಟಲಿನ ಬೆಲೆ ಎಷ್ಟು ಎಂದು ತಿಳಿದವರು ಆ ಜನರನ್ನು ದೂರಲಾರರು. ಜನರನ್ನು ಕರೆದವರು ಅವರು ನಿಲ್ಲುವ ನೆಲವನ್ನು ಮೊದಲು ಸಮ ಮಾಡಿಸಬೇಕಿತ್ತು.

ಇನ್ನು ನನ್ನ ಮೇಜಿನ ಮಗ್ಗಿಗೆ ಹಿಂದಿರುಗುತ್ತೇನೆ. 1939ರ ಆ ಭೇಟಿ ಇಂಥ ಪಾತ್ರೆಗಳ ಚರಿತ್ರೆಯಲ್ಲಿ ದೊಡ್ಡದು. ಆಳುತ್ತಿರುವ ಬ್ರಿಟಿಷ್ ದೊರೆ ಕೆನಡಾ ನೆಲಕ್ಕೆ ಬಂದದ್ದು ಅದೇ ಮೊದಲು. ಸ್ಟಾಫರ್ಡ್‌ಶೈರಿನ ಕಾರ್ಖಾನೆಗಳು ತಟ್ಟೆ, ಕಪ್, ಮಗ್ಗುಗಳನ್ನು ಹುಲ್ಲಿನಲ್ಲಿ ಸುತ್ತಿ ಹಡಗು ತುಂಬಿಸಿದವು. ದೊರೆಯ ಹಡಗು ಮಂಜು, ನೀರ್ಗಲ್ಲುಗಳ ನಡುವೆ ಸಿಕ್ಕಿ ಎರಡು ದಿನ ತಡವಾಗಿ, ಮೇ 17ರಂದು ಕ್ವಿಬೆಕ್ ತಲುಪಿತು. ಅಲ್ಲಿಂದ ನೀಲಿ ಮತ್ತು ಬೆಳ್ಳಿ ಬಣ್ಣದ ರೈಲಿನಲ್ಲಿ ಪಶ್ಚಿಮ ಕಡಲಿನವರೆಗೆ ಹೋಗಿ, ಹಿಂದಿರುಗಿ, ನಡುವೆ ಅಮೆರಿಕೆಯನ್ನೂ ನೋಡಿ, ಜೂನ್ 15ರಂದು ಹ್ಯಾಲಿಫ್ಯಾಕ್ಸಿನಿಂದ ಹೊರಟರು. ಒಟ್ಟು ಒಂದು ತಿಂಗಳು.

ಆ ದಾರಿಯ ಮೇಲೆ ಸಸ್ಕಾಚೆವನ್ ಪ್ರಾಂತದಲ್ಲಿ ಮೆಲ್‌ವಿಲ್ ಎಂಬ ಪಟ್ಟಣ ಇದೆ. ಕೆಲವೇ ಸಾವಿರ ಜನರ ಊರು. ರೈಲು ಅಲ್ಲಿ ತುಸು ಹೊತ್ತು ನಿಲ್ಲುವುದಿತ್ತು, ಅದೂ ರಾತ್ರಿಯಲ್ಲಿ. ಆದರೆ ಸುಮಾರು 60,000 ಜನ ನೆರೆದಿದ್ದರು. ಆ ಬಯಲುಸೀಮೆ ಹತ್ತು ವರ್ಷದ ಬರಗಾಲ ತಿಂದಿತ್ತು. ಮಳೆಯಿಲ್ಲ, ಗೋಧಿಯಿಲ್ಲ, ಹೊಲದ ಮೇಲ್ಮಣ್ಣೆಲ್ಲ ದೂಳಾಗಿ ಹಾರಿಹೋಗಿತ್ತು. ನೂರಾರು ಮೈಲಿಯಿಂದ ಗಾಡಿ ಕಟ್ಟಿಕೊಂಡು, ಕೂಸುಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು. ಅವರಿಗೆ ಬೇಕಾಗಿದ್ದದ್ದು ದೊರೆ ಮಾತ್ರವೇ? ಹತ್ತು ವರ್ಷ ಒಂಟಿ ಮನೆಗಳಲ್ಲಿ ಕೂತು ಆಕಾಶ ನೋಡಿದವರಿಗೆ ಒಂದು ದಿನ ಎಲ್ಲರೂ ಒಟ್ಟಿಗೆ ನಿಲ್ಲಬೇಕೆನಿಸಿತ್ತು. ನಮ್ಮ ಜಾತ್ರೆಯೂ ಹೀಗೆಯೇ ಅಲ್ಲವೇ? ತೇರು ಎಳೆಯುವುದು ಅರ್ಧ ಗಂಟೆ. ತವರಿಗೆ ಬಂದ ಹೆಣ್ಣುಮಕ್ಕಳು, ಬಿಡಾರದ ಅಡುಗೆ, ಬಳೆ ಅಂಗಡಿ, ವರ್ಷಕ್ಕೊಮ್ಮೆ ಸಿಗುವ ಮುಖಗಳು, ನೆನಪಿನಲ್ಲಿ ಉಳಿಯುವುದು ಅವು.

ಅದಕ್ಕೂ ಮೊದಲು ಮೇ 21ರಂದು ಆಟವಾದಲ್ಲಿ ಮೊದಲ ಮಹಾಯುದ್ಧದ ಸ್ಮಾರಕವನ್ನು ದೊರೆ ಅನಾವರಣ ಮಾಡಿದ. ಆಮೇಲೆ ದೊರೆ, ರಾಣಿ ಇಬ್ಬರೂ ಹಳೆಯ ಸೈನಿಕರ ಗುಂಪಿನೊಳಗೇ ನಡೆದು ಹೋದರು. ಕಾವಲುಗಾರರು ಹಿಂದೆ ಉಳಿದರು. ಕೈ ಹಿಡಿದು, ಹೆಗಲು ಮುಟ್ಟಿ, ಗಾಯದ ಕಥೆ ಕೇಳಿದರು. ಮಾತಾಡುವಾಗ ತೊದಲು ತೊಡರುತ್ತಿದ್ದ ದೊರೆ ಅವನು. ಕೇಳುವುದಕ್ಕೆ ತೊದಲು ಅಡ್ಡಿಯಾಗಲಿಲ್ಲ. ಮೂರು ತಿಂಗಳು ಕಳೆಯಿತು. ಸೆಪ್ಟೆಂಬರ್ 10ರಂದು ಕೆನಡಾ ಮತ್ತೊಂದು ಮಹಾಯುದ್ಧಕ್ಕೆ ಇಳಿಯಿತು. ರೈಲಿನ ಕಿಟಕಿಗೆ ಕೈ ಬೀಸಿದ ಹುಡುಗರು ಹಡಗು ಹತ್ತಿದರು. ಅನೇಕರು ಮರಳಲಿಲ್ಲ. ಅಂಥ ಮನೆಗಳ ಗೂಡಿನಲ್ಲಿ ಇದ್ದ ಮಗ್, ದೊರೆಯ ಭೇಟಿಯ ಮಗ್ ಆಗಿ ಉಳಿಯಿತೇ? ಅದು ಮಗ ಮನೆಯಲ್ಲಿದ್ದ ಕೊನೆಯ ಬೇಸಿಗೆಯ ಮಗ್ ಆಯಿತು.

ಇದೇ ನನಗೆ ಹೇಳಬೇಕೆನಿಸಿದ ಮಾತು. ಪಾತ್ರೆಯ ಮೇಲೆ ಅರಸನ ಹೆಸರಿರಬಹುದು. ಒಳಗೆ ತುಂಬಿರುವುದು ಅವನನ್ನು ನೋಡಲು ನಿಂತವರ ದಿನ.

ಅರಸರ ಭೇಟಿಗೆ ಕಲ್ಲಿನ ಸ್ಮಾರಕಗಳೂ ಇವೆ. ಐದನೆಯ ಜಾರ್ಜ್ 1911ರಲ್ಲಿ ಮುಂಬಯಿಗೆ ಬಂದಿಳಿದ ನೆನಪಿಗೆ ಗೇಟ್‌ವೇ ಆಫ್ ಇಂಡಿಯಾ ಎದ್ದಿತು. ಮುಗಿಯುವ ಹೊತ್ತಿಗೆ 1924. ಅದರ ಕಮಾನಿನಡಿಯಿಂದಲೇ 1948ರ ಫೆಬ್ರವರಿಯಲ್ಲಿ ಕೊನೆಯ ಬ್ರಿಟಿಷ್ ಪಡೆ ಹಡಗು ಹತ್ತಿತು. ಬೆಂಗಳೂರಿಗೆ 1961ರ ಫೆಬ್ರವರಿಯಲ್ಲಿ ಎರಡನೆಯ ಎಲಿಜಬೆತ್ ಬಂದಾಗ ಲಾಲ್‌ಬಾಗಿನಲ್ಲಿ ಒಂದು ಸಸಿ ನೆಟ್ಟರು. ನಮ್ಮ ಹಿಂದಿನವರಂತೂ ಕಲ್ಲಿನ ಮೇಲೆ ಸೂರ್ಯ ಚಂದ್ರರನ್ನು ಕೆತ್ತಿ, ಅವರಿರುವವರೆಗೂ ಈ ಶಾಸನ ನಿಲ್ಲಲಿ ಎಂದು ಬರೆಸಿದರು. ನಿಂತೂ ಇವೆ. ಹೊಲದ ಬದುವಿನಲ್ಲಿ, ಕೆರೆ ಏರಿಯಲ್ಲಿ, ಯಾರೂ ನೋಡದಿದ್ದರೂ ನಿಂತಿವೆ. ಕಲ್ಲು ತನ್ನ ಬಲದಿಂದ ಬದುಕುತ್ತದೆ.

ಪಿಂಗಾಣಿ ಹಾಗಲ್ಲ. ಅದು ಬೇರೆಯವರ ಎಚ್ಚರದಿಂದ ಬದುಕಬೇಕು. ಇನ್ನೂರು ವರ್ಷದ ಒಂದು ಹೂಜಿ ಇಂದು ಇಡಿಯಾಗಿ ಉಳಿದಿದೆಯೆಂದರೆ ಏಳೆಂಟು ತಲೆಮಾರಿನವರು ಅದನ್ನು ತೊಳೆಯುವಾಗ ಮೆಲ್ಲಗೆ ತೊಳೆದಿದ್ದಾರೆ, ಮನೆ ಬದಲಿಸುವಾಗ ಬಟ್ಟೆಯಲ್ಲಿ ಸುತ್ತಿದ್ದಾರೆ, ಮಕ್ಕಳು ಕೈ ಚಾಚಿದಾಗ ಓಡಿ ಬಂದು ಹಿಡಿದಿದ್ದಾರೆ. ಒಬ್ಬರೇ ಒಬ್ಬರು ಒಂದು ಕ್ಷಣ ಮೈಮರೆತರೂ ಅದು ಇರುತ್ತಿರಲಿಲ್ಲ. ಮೊದಲು ಕೇಳಿದ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟು: ಒಂದು ದಿನವನ್ನು ಪಾತ್ರೆಗೆ ಒಪ್ಪಿಸುತ್ತೇವೆ, ಏಕೆಂದರೆ ಪಾತ್ರೆಯನ್ನು ಮುಟ್ಟಲೇಬೇಕು, ತೊಳೆಯಲೇಬೇಕು. ದಿನದಿನವೂ ಕೈಗೆ ಬರುವ ವಸ್ತುವಿನಲ್ಲಿ ನೆನಪು ಇಟ್ಟರೆ ಅದಕ್ಕೆ ದಿನದಿನವೂ ಆರೈಕೆ ಸಿಗುತ್ತದೆ.

ಅಷ್ಟು ಎಚ್ಚರವಿದ್ದರೂ ಒಡೆಯುವುದು ಒಡೆಯುತ್ತದೆ. ಆಗ ಬರುತ್ತಿದ್ದವರು ಪಿಂಗಾಣಿ ರಿಪೇರಿಯವರು. ನಮ್ಮ ಬೀದಿಗಳಲ್ಲಿ ಕಲಾಯಿ ಹಾಕುವವರು ಕೂಗುತ್ತ ಬರುತ್ತಿದ್ದಂತೆ, ಇಂಗ್ಲೆಂಡಿನಲ್ಲಿಯೂ ಊರೂರು ತಿರುಗಿ ಒಡೆದ ಬಟ್ಟಲು, ತಟ್ಟೆ ಹೊಲಿದುಕೊಡುವವರಿದ್ದರು. ಬಿರುಕಿನ ಎರಡೂ ಪಕ್ಕ ಸಣ್ಣ ತೂತು ಕೊರೆಯಬೇಕು. ಆಳ ತುಸು ಹೆಚ್ಚಾದರೆ ಬಟ್ಟಲು ಇಬ್ಭಾಗ. ತಂತಿಯ ಕೊಂಡಿಯನ್ನು ತೂತಿಗೆ ಬಿಗಿಯಾಗಿ ಕೂರಿಸಿದರೆ ತುಂಡುಗಳು ಒಂದನ್ನೊಂದು ಹಿಡಿದುಕೊಂಡು ನಿಲ್ಲುತ್ತವೆ. ಒಳ್ಳೆಯ ಅಂಟು ಬಂದ ಮೇಲೆ ಆ ಕಸುಬು ಹೋಯಿತು.

ನನ್ನ ಮಗ್ಗಿನ ಮೂರು ಹೊಲಿಗೆ ಅಂಥ ಕೈಯದು. ಆ ಕಾಲದಲ್ಲಿ ಇಂಥ ಮಗ್ಗುಗಳು ಬೇಕಾದಷ್ಟಿದ್ದವು, ಹೊಸದನ್ನು ಕೊಳ್ಳುವುದು ಕಷ್ಟವಿರಲಿಲ್ಲ. ಯಾರಿಗೋ ಅದೇ ಮಗ್ ಬೇಕಾಗಿತ್ತು. ಅದೇ ಬೇಕು ಎನ್ನಿಸಿದ್ದಕ್ಕೆ ದೊರೆಯ ಮುಖ ಕಾರಣವಾಗಿರಲಾರದು. ಆ ಮುಖ ಎಲ್ಲ ಮಗ್ಗುಗಳ ಮೇಲೂ ಒಂದೇ.

ಈಗ ಅದರಲ್ಲಿ ನನ್ನ ಪೆನ್ನು, ಪೆನ್ಸಿಲ್ಲು ಇಡುತ್ತೇನೆ. ತಿಂಗಳಿಗೊಮ್ಮೆ ಎಲ್ಲ ತೆಗೆದು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬಟ್ಟೆಯ ಮೇಲೆ ಬೋರಲು ಹಾಕುತ್ತೇನೆ. ಆ ಹೊತ್ತಿಗೆ ಸರಿಯಾಗಿ ಹೆಂಡತಿ ಅಮ್ಮನ ಲೋಟದಲ್ಲಿ ಕಾಫಿ ತಂದು ಪಕ್ಕದಲ್ಲಿಡುತ್ತಾಳೆ. ಒಂದರ ಮೈಯಲ್ಲಿ ಸವೆದ ಅಕ್ಷರ, ಇನ್ನೊಂದರ ಮೈಯಲ್ಲಿ ತಂತಿಯ ಹೊಲಿಗೆ. ಕಣ್ಣು ಮುಚ್ಚಿ ಬೆರಳಾಡಿಸಿದರೆ ಎರಡೂ ಹತ್ತಿರ ಹತ್ತಿರ ಒಂದೇ ತರಹ ತಾಕುತ್ತವೆ.